10 ತಿಂಗಳ ಮಗು, 4 ರಾತ್ರಿ ಹಡಗಿನಲ್ಲಿ: ಊಟ, ನಿದ್ದೆಗೆ ಏನು ಮಾಡಿದಿರಿ?

ಕೇಳಿದವರು, ಹಾಸನದಿಂದ

ಡಿಸೆಂಬರಿನಲ್ಲಿ ಮುಂಬೈನಿಂದ ಲಕ್ಷದ್ವೀಪಕ್ಕೆ ಹೋಗಿಬರುವ ಕ್ರೂಸ್ ಬುಕ್ ಮಾಡಿದ್ದೇವೆ. 4 ರಾತ್ರಿ. ಆಗ ಮಗಳಿಗೆ 10 ತಿಂಗಳು. ಎದೆಹಾಲು ಕುಡಿಯುತ್ತಾಳೆ, ಜೊತೆಗೆ ಬೆಳಿಗ್ಗೆ ರಾಗಿ ಸರಿ, ಮಧ್ಯಾಹ್ನ ಬೇಳೆ ಅನ್ನ. ಮಲಗುವುದು ಸೀರೆಯ ಜೋಲಿಯಲ್ಲಿ ಮಾತ್ರ. ಹಡಗಿನಲ್ಲಿ ಇದಕ್ಕೆಲ್ಲ ಏನು ಮಾಡುವುದು? ನಮ್ಮತ್ತೆ ‘ಕೂಸು ಕಟ್ಕೊಂಡು ಸಮುದ್ರಕ್ಕೆ ಯಾಕ್ ಹೋಗ್ಬೇಕು’ ಅನ್ನುತ್ತಿದ್ದಾರೆ. ಹೋಗಿಬಂದವರು ದಯವಿಟ್ಟು ಹೇಳಿ.

ಚಿಕ್ಕಮಗಳೂರಿನಿಂದ ಒಬ್ಬ ತಾಯಿ

ಮಗನಿಗೆ 11 ತಿಂಗಳಿದ್ದಾಗ ನಾವೂ ಹೋಗಿದ್ದೆವು. ಮೊದಲು ನನ್ನ ಪೆದ್ದುತನ ಹೇಳಿಬಿಡುತ್ತೇನೆ. ಸರಿ ಹಿಟ್ಟು, ಪುಟ್ಟ ಪಾತ್ರೆ, ಎಲೆಕ್ಟ್ರಿಕ್ ಕೆಟಲ್ ಎಲ್ಲ ತುಂಬಿಕೊಂಡು ಹೋದೆ. ಹಡಗು ಹತ್ತುವಾಗ ಸಾಮಾನು ತಪಾಸಣೆಯಲ್ಲೇ ಕೆಟಲ್ ತೆಗೆದಿಟ್ಟುಕೊಂಡರು. ಬೆಂಕಿಯ ಭಯಕ್ಕೆ ಕೆಟಲ್, ಇಂಡಕ್ಷನ್ ಒಲೆ, ಇಸ್ತ್ರಿಪೆಟ್ಟಿಗೆ ಇಂಥವನ್ನು ರೂಮಿಗೆ ಬಿಡುವುದಿಲ್ಲ. ಇಳಿಯುವ ದಿನ ವಾಪಸ್ ಕೊಟ್ಟರು.

ಈಗ ನನ್ನ ಕೈಯಲ್ಲಿ ಒಂದು ಕೆಜಿ ಸರಿ ಹಿಟ್ಟು, ಬೇಯಿಸಲು ಒಲೆ ಇಲ್ಲ! ಬಿಸಿನೀರು ಎಷ್ಟು ಬೇಕಾದರೂ ಸಿಗುತ್ತದೆ, ಬಫೆಯ ಟೀ ಕೌಂಟರಿನಲ್ಲಿ. ಆದರೆ ಸರಿ ಹಿಟ್ಟಿಗೆ ಬರೀ ಬಿಸಿನೀರು ಸಾಲದು ಅಲ್ವಾ. ಹಸಿ ವಾಸನೆ ಹೋಗುವವರೆಗೆ ಕುದಿಯಬೇಕು. ಮೊದಲ ದಿನ ಹಾಗೇ ಕಲಸಿ ಕೊಟ್ಟೆ. ಒಂದು ಚಮಚ ತಿಂದು ಉಳಿದದ್ದನ್ನು ನನ್ನ ಮೇಲೇ ಉಗಿದ.

ಕಾಪಾಡಿದ್ದು ಹುರಿಹಿಟ್ಟು. ನಮ್ಮತ್ತೆ ಕಡೂರು ಕಡೆಯವರು. ಮಗನಿಗೆ, ಅಂದರೆ ನಮ್ಮ ಯಜಮಾನರಿಗೆ ದಾರಿಯಲ್ಲಿ ಹಸಿವಾದೀತು ಅಂತ ಒಂದು ಡಬ್ಬಿ ಕಟ್ಟಿಕೊಟ್ಟಿದ್ದರು. ರಾಗಿಯನ್ನು ಅರಳು ಹುರಿದು ಬೀಸಿದ ಹಿಟ್ಟು ಅದು. ಅರಳುವಾಗಲೇ ಬೆಂದಿರುತ್ತದೆ. ಬಿಸಿನೀರಿನಲ್ಲಿ ಗಂಟಿಲ್ಲದಂತೆ ಕಲಸಿ, ಒಂದು ಏಲಕ್ಕಿ ಬಾಳೆಹಣ್ಣು ಕಿವುಚಿ ಹಾಕಿದರೆ ಮುಗಿಯಿತು. ತೆಳು ಅವಲಕ್ಕಿ ಪುಡಿಯೂ ಹಾಗೆಯೇ, ಬಿಸಿನೀರು ಹಾಕಿ ಐದು ನಿಮಿಷ ಮುಚ್ಚಿಟ್ಟರೆ ಮೆತ್ತಗಾಗುತ್ತದೆ. ಹಾಗಾಗಿ ನನ್ನ ಲೆಕ್ಕ ಇಷ್ಟೇ: ಬಿಸಿನೀರು ಮಾತ್ರ ಸಾಕು ಅನ್ನುವ ವಸ್ತು ತೆಗೆದುಕೊಳ್ಳಿ, ಮಿಕ್ಕಿದ್ದು ಮನೆಯಲ್ಲೇ ಇರಲಿ. ಒಂದು ಒಳ್ಳೆಯ ಸ್ಟೀಲ್ ಫ್ಲಾಸ್ಕ್ ಮರೆಯಬೇಡಿ. ಒಂದೆರಡು ವಾರ ಮೊದಲೇ ಮಗಳಿಗೆ ಹುರಿಹಿಟ್ಟಿನ ರುಚಿ ಹತ್ತಿಸಿ. ಹಡಗಿನಲ್ಲಿ ಹೊಸ ರುಚಿ ಕೊಟ್ಟರೆ ಹಟ ಹಿಡಿಯುತ್ತವೆ.

ಇನ್ನೊಂದು ಮಾತು. ಮನೆಯ ಅಡುಗೆಯನ್ನು ಹಡಗಿಗೆ ಬಿಡುವುದಿಲ್ಲ. ಸೀಲ್ ಇರುವ ಮಗುವಿನ ಆಹಾರಕ್ಕೆ ಸಾಮಾನ್ಯವಾಗಿ ಅಡ್ಡಿಯಿಲ್ಲ. ಮನೆಯ ಪುಡಿಗಳ ಬಗ್ಗೆ ಮಾತ್ರ ಒಂದೊಂದು ಕಡೆ ಒಂದೊಂದು ರೀತಿ. ಮೊದಲೇ ಮೇಲ್ ಮಾಡಿ ಕೇಳಿ, ಅವರ ಉತ್ತರವನ್ನು ಪ್ರಿಂಟ್ ತೆಗೆದಿಟ್ಟುಕೊಳ್ಳಿ. ಫೋನಿನಲ್ಲಿ ‘ಆಗುತ್ತೆ ಮೇಡಂ’ ಅಂದದ್ದು ಗೇಟಿನಲ್ಲಿ ನಡೆಯುವುದಿಲ್ಲ.

ಮಧ್ಯಾಹ್ನದ ಅನ್ನಕ್ಕೆ ಚಿಂತೆ ಬೇಡ. ಹತ್ತಿದ ದಿನ ಸಂಜೆಯೇ ಊಟದ ಹಾಲಿನ ಮೇಲ್ವಿಚಾರಕರನ್ನು ಹುಡುಕಿ ಹೇಳಿದೆ: ಉಪ್ಪು, ಖಾರ, ಒಗ್ಗರಣೆ ಯಾವುದೂ ಇಲ್ಲದ ಬೇಳೆ, ಮೆತ್ತಗಿನ ಅನ್ನ, ಬೇಯಿಸಿದ ಕ್ಯಾರೆಟ್. ಮರುದಿನದಿಂದ ನಾವು ಕೂರುವ ಹೊತ್ತಿಗೆ ಬಿಸಿಬಿಸಿಯಾಗಿ ಬರುತ್ತಿತ್ತು. ಬಫೆಯಲ್ಲಿ ತುಂಬಾ ಹೊತ್ತು ತೆರೆದಿಟ್ಟದ್ದನ್ನು ಮಗುವಿಗೆ ಹಾಕಬೇಡಿ. ರಾತ್ರಿ ಊಟ ಎರಡು ಪಾಳಿಯಲ್ಲಿದ್ದರೆ ಮೊದಲನೆಯದನ್ನೇ ಕೇಳಿ ಪಡೆಯಿರಿ. ನಮಗೆ ಎರಡನೆಯದು ಬಿದ್ದಿತ್ತು. ಮೊದಲ ರಾತ್ರಿ ಒಂಬತ್ತಕ್ಕೆ ಮಗುವಿನ ಅಳು, ಸೂಪ್ ಇನ್ನೂ ಬಂದಿಲ್ಲ, ಪಕ್ಕದ ಟೇಬಲಿನವರ ನೋಟ ಬೇರೆ. ಯಜಮಾನರು ಒಬ್ಬರೇ ಕೂತು ಮೂವರ ಊಟ ಮಾಡಿದರು.

ಸಕಲೇಶಪುರದಿಂದ ಒಬ್ಬ ಅಪ್ಪ

ಊಟದ ವಿಷಯ ಮೇಲಿನ ಮೇಡಂ ಹೇಳಿದ್ದಾರೆ, ನಾನು ರೂಮಿನ ಬಗ್ಗೆ ಬರೆಯುತ್ತೇನೆ. ಜೋಲಿ ಕಟ್ಟಲು ಅಲ್ಲಿ ತೊಲೆಯೂ ಇಲ್ಲ, ಕೊಕ್ಕೆಯೂ ಇಲ್ಲ. ಆದರೆ ಇಡೀ ಹಡಗೇ ಜೋಲಿ ಸ್ವಾಮಿ! ಮನೆಯಲ್ಲಿ ಒಂದು ಗಂಟೆ ತೂಗಿಸಿಕೊಳ್ಳುತ್ತಿದ್ದ ನಮ್ಮ ಮಗಳು ಅಲ್ಲಿ ಹತ್ತೇ ನಿಮಿಷದಲ್ಲಿ ನಿದ್ದೆ. ಮಗುವಿನ ಮಂಚ ಬೇಕು ಅಂತ ಬುಕಿಂಗ್ ಮಾಡುವಾಗಲೇ ಹೇಳಿ, ಹೊರಡುವ ವಾರ ಇನ್ನೊಮ್ಮೆ ಹೇಳಿ. ನಮ್ಮ ಏಜೆಂಟ್ ‘ಹೇಳಿದ್ದೇನೆ’ ಅಂದಿದ್ದ. ಅಲ್ಲಿಗೆ ಹೋದರೆ ಯಾರಿಗೂ ಗೊತ್ತಿಲ್ಲ. ರಾತ್ರಿ ಹತ್ತಕ್ಕೆ ಮಂಚ ಬಂತು.

ರೂಮು ಹಡಗಿನ ಮಧ್ಯಭಾಗದಲ್ಲಿ, ಕೆಳಗಿನ ಮಹಡಿಯಲ್ಲಿದ್ದರೆ ಓಲಾಟ ಕಡಿಮೆ. ತುದಿಯಲ್ಲಿ ಜಾಸ್ತಿ. ಎರಡು ವರ್ಷದೊಳಗಿನ ಮಕ್ಕಳಿಗೆ ಓಲಾಟದಿಂದ ವಾಂತಿ ಬರುವುದು ಅಪರೂಪ. ಒದ್ದಾಡುವವರು ನಾವೇ. ಶಿರಾಡಿ ಘಾಟಿಯಲ್ಲಿ ಕವರ್ ಹಿಡಿದು ಕೂರುವ ಜಾತಿಯವರಾದರೆ ಮೊದಲೇ ಡಾಕ್ಟರ್ ಹತ್ತಿರ ಮಾತ್ರೆ ಬರೆಸಿಕೊಳ್ಳಿ. ಎದೆಹಾಲು ಕೊಡುತ್ತೀರಿ ಅಂತ ಹೇಳಿ ಬರೆಸಿಕೊಳ್ಳಿ. ಡಿಸೆಂಬರ್ ಆದ್ದರಿಂದ ಸಮುದ್ರ ಸಾಮಾನ್ಯವಾಗಿ ಶಾಂತ. ಮಳೆಗಾಲವಾಗಿದ್ದರೆ ನಾನೂ ಬೇಡ ಅನ್ನುತ್ತಿದ್ದೆ.

ಸ್ನಾನಕ್ಕೆ ಶವರ್ ಬಿಟ್ಟರೆ ಬಕೆಟ್ಟೂ ಇಲ್ಲ, ಚೊಂಬೂ ಇಲ್ಲ. ಒಂದು ಪ್ಲಾಸ್ಟಿಕ್ ಮಗ್ ಒಯ್ಯಿರಿ. ಕಾಲ ಮೇಲೆ ಮಲಗಿಸಿಕೊಂಡು ನೀರು ಹಾಕಲು ಜಾಗ ಸಾಲದು. ನಾವು ಮಡಿಲಲ್ಲಿ ಕೂರಿಸಿಕೊಂಡು ಮಾಡಿಸಿದೆವು. ಡೈಪರ್ ಹಾಕುವ ಮಕ್ಕಳನ್ನು ದೊಡ್ಡವರ ಈಜುಕೊಳಕ್ಕೆ ಬಿಡುವುದಿಲ್ಲ, ಅದಕ್ಕೆ ಬೇಜಾರಾಗಬೇಡಿ. ಹೊರಡುವ ಮೊದಲು ಲೈಫ್ ಜಾಕೆಟ್ ಬಗ್ಗೆ ತಿಳಿಸಿಕೊಡುವಾಗ ಮಗುವಿನ ಅಳತೆಯದ್ದನ್ನು ಕೇಳಿ ನೋಡಿಕೊಳ್ಳಿ. ದ್ವೀಪಕ್ಕೆ ಹೋಗುವುದು ಸಣ್ಣ ದೋಣಿಯಲ್ಲಿ. ತಳ್ಳುಗಾಡಿ ತಂದವರ ಪಾಡು ನೋಡಬೇಕಿತ್ತು. ಎದೆಗೆ ಕಟ್ಟಿಕೊಳ್ಳುವ ಚೀಲವೇ ವಾಸಿ, ಎರಡೂ ಕೈ ಖಾಲಿ ಇರುತ್ತವೆ.

ಬೇಲೂರಿನಿಂದ ಒಬ್ಬ ಅಜ್ಜಿ, ಮೊಮ್ಮಗಳ ಕೈಲಿ ಬರೆಸಿದ್ದು

ನಾನು ಹಡಗು ಹತ್ತಿದವಳಲ್ಲ ಮಗಳೇ. ಆದರೆ ನಮ್ಮ ಊರಿನ ತಂಪಿಗೆ ಒಗ್ಗಿದ ಕೂಸು ಸಮುದ್ರದ ಸೆಕೆಗೆ ಬೆವರುಗುಳ್ಳೆ ಬರಿಸಿಕೊಳ್ಳುತ್ತದೆ. ಹಳೆಯ ಕಾಟನ್ ಸೀರೆಯಲ್ಲಿ ಹೊಲಿದ ಅಂಗಿ ಹಾಕು. ಒಳಗೆ ಎ.ಸಿ. ಚಳಿ ಅಂತೆ, ಒಂದು ತೆಳು ಸ್ವೆಟರೂ ಇರಲಿ. ಹೊಟ್ಟೆ ಕೆಟ್ಟರೆ ಜೇನುತುಪ್ಪದಲ್ಲಿ ಬಜೆ ತೇಯ್ದು ನೆಕ್ಕಿಸು.

ಹಾಸನದಿಂದ ಒಬ್ಬ ನರ್ಸ್

ಅಜ್ಜಿ, ಅಂಗಿಯ ಮಾತು ನೂರಕ್ಕೆ ನೂರು ನಿಜ. ಜೇನುತುಪ್ಪ ಮಾತ್ರ ಒಂದು ವರ್ಷ ತುಂಬುವವರೆಗೆ ಬೇಡವೇ ಬೇಡ. ಬಾಟ್ಯುಲಿಸಂ ಅನ್ನುವ ಕಾಯಿಲೆ ತರುವ ರೋಗಾಣುವಿನ ಬೀಜಕಣ ಅದರಲ್ಲಿ ಇರಬಹುದು, ಎಳೆಯ ಕರುಳು ಅದನ್ನು ತಡೆಯುವುದಿಲ್ಲ. ಬಜೆಯೂ ಬೇಡ. ಭೇದಿಯಾದರೆ ಎದೆಹಾಲು ನಿಲ್ಲಿಸಬೇಡಿ, ಓ.ಆರ್.ಎಸ್. ಪೊಟ್ಟಣ ಕೈಯಲ್ಲಿರಲಿ, ಹಡಗಿನ ಡಾಕ್ಟರಿಗೆ ತೋರಿಸಿ. ಅವರಿಗೆ ಬೇರೆ ದುಡ್ಡು ಕೊಡಬೇಕಾಗುತ್ತದೆ, ಆದ್ದರಿಂದ ಇನ್ಶೂರೆನ್ಸ್ ನೋಡಿಕೊಳ್ಳಿ. ಜ್ವರದ ಔಷಧಿಯನ್ನು ಮಗುವಿನ ತೂಕಕ್ಕೆ ಎಷ್ಟು ಅಂತ ನಿಮ್ಮ ಡಾಕ್ಟರ್ ಹತ್ತಿರ ಬರೆಸಿಕೊಂಡೇ ಹೋಗಿ.

9 ತಿಂಗಳ ಮೇಲೆ ದಿನಕ್ಕೆ 3–4 ಸಲ ಊಟ, ಮಧ್ಯೆ ಒಂದೆರಡು ಸಲ ಸಣ್ಣಪುಟ್ಟದ್ದು ಅಂತ ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಪ್ರವಾಸದಲ್ಲಿ ಒಂದು ಹೊತ್ತು ಕಡಿಮೆ ತಿಂದರೆ ಬಲವಂತ ಬೇಡ, ಎದೆಹಾಲು ಇದೆಯಲ್ಲ. ಇದನ್ನು ಓದುವವರಲ್ಲಿ ಪುಡಿ ಹಾಲು ಕೊಡುವವರಿದ್ದರೆ ನೀರು 70 ಡಿಗ್ರಿಗಿಂತ ಕಡಿಮೆ ಇರಬಾರದು. ಕಲಸಿ ಆರಿಸಿ ಕೊಡಿ, ಎರಡು ಗಂಟೆ ಕಳೆದದ್ದನ್ನು ಚೆಲ್ಲಿ.

ಕೇಳಿದವರು, ಹಾಸನದಿಂದ

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಇವತ್ತೇ ಫೋನ್ ಮಾಡಿ ರೂಮು ಮಧ್ಯಕ್ಕೆ ಬದಲಾಯಿಸಿಕೊಂಡೆ, ಮೊದಲ ಪಾಳಿಯ ಊಟವನ್ನೂ ಬರೆಸಿದೆ. ಮಂಚದ ಬಗ್ಗೆ ಮೇಲ್ ಹೋಗಿದೆ. ಹುರಿಹಿಟ್ಟಿನ ವಿಷಯ ಓದಿ ಹೇಳಿದ್ದೇ ತಡ, ಅತ್ತೆ ಬಾಣಲೆ ಇಟ್ಟೇಬಿಟ್ಟರು. ಈಗ ಅವರ ತಕರಾರು ಸಮುದ್ರದ ಬಗ್ಗೆ ಅಲ್ಲ, ಒಂದು ಡಬ್ಬಿ ಸಾಲುತ್ತದೋ ಇಲ್ಲವೋ ಅಂತ. ಒಂದೇ ಪ್ರಶ್ನೆ ಉಳಿಯಿತು: ಜೋಲಿ ಸೀರೆ ಒಯ್ಯಲೋ ಬೇಡವೋ?

ಚಿಕ್ಕಮಗಳೂರಿನಿಂದ ಅದೇ ತಾಯಿ

ಒಯ್ಯಿರಿ. ಮಂಚದ ಹಾಸಿಗೆಗೆ ಬಿಗಿಯಾಗಿ ಹಾಸಿ, ಅಂಚು ಕೆಳಗೆ ಸಿಕ್ಕಿಸಿ. ಸಡಿಲವಾಗಿ ಮಾತ್ರ ಬಿಡಬೇಡಿ. ನಮ್ಮವನು ಮನೆಯ ವಾಸನೆ ಸಿಕ್ಕಿದ ಮೇಲೇ ಕಣ್ಣು ಮುಚ್ಚಿದ್ದು.