ಜಾತ್ರೆಗೆ ಊರಿಗೆ ಹೋದರೆ ಟಿಬಿ ಮಾತ್ರೆ ನಿಲ್ಲುತ್ತಿದೆ: ಪುಣೆಯ ಲೇಬರ್ ಕ್ಯಾಂಪ್‌ಗೆ ಏನು ವ್ಯವಸ್ಥೆ ಮಾಡಬಹುದು?

ವಾಘೋಲಿ_ಕನ್ನಡಿಗ:
ವಾಘೋಲಿ ಕಡೆಯ ಒಂದು ಸೈಟಿನ ಪತ್ರಾ ಶೆಡ್‌ಗಳಲ್ಲಿ ಸುಮಾರು 140 ಜನ ಇದ್ದಾರೆ. ಬಹುತೇಕ ಯಾದಗಿರಿ, ಕಲಬುರಗಿ ಕಡೆಯವರು, ಅದರಲ್ಲಿ ಅರ್ಧದಷ್ಟು ತಾಂಡಾಗಳಿಂದ ಬಂದ ಲಂಬಾಣಿ ಕುಟುಂಬಗಳು. ನಮ್ಮ ಕನ್ನಡ ಗುಂಪಿನವರು ತಿಂಗಳಿಗೆ ಎರಡು ಭಾನುವಾರ ಅಲ್ಲಿಗೆ ಹೋಗುತ್ತೇವೆ. ಮೂರು ತೊಡಕುಗಳಿವೆ:

1) ಟಿಬಿ ಮಾತ್ರೆ ತಗೊಳ್ಳುತ್ತಿರುವ ಒಬ್ಬರು ಮುಂದಿನ ತಿಂಗಳು 20 ದಿನ ಊರಿಗೆ ಹೊರಟಿದ್ದಾರೆ. ಮಾತ್ರೆ ಎಲ್ಲಿಂದ?
2) ಇನ್ನೊಬ್ಬರಿಗೆ ತಿಂಗಳಿಂದ ಕೆಮ್ಮು, ತೂಕವೂ ಇಳಿದಿದೆ. ಕಫ ಪರೀಕ್ಷೆಯಲ್ಲಿ ಏನೂ ಇಲ್ಲ ಎಂದು ಬಂದಿದೆ.
3) ಪೋಷಣೆಯ ಹಣ ಯಾರಿಗೂ ಸರಿಯಾಗಿ ಬಂದಿಲ್ಲ.

ಔಷಧಿ ಪುಕ್ಕಟೆ ಸಿಗುತ್ತದೆ ಎನ್ನುವುದು ಗೊತ್ತು. ಆದರೂ ಇವರ ಮಟ್ಟಿಗೆ ಎಲ್ಲಿ ತಪ್ಪುತ್ತಿದೆ?

ಡಾಟ್ಸ್_ಡೈರಿ:
ತಪ್ಪುವುದು ವಿಳಾಸದಲ್ಲಿ. ಇಡೀ ವ್ಯವಸ್ಥೆ ರೋಗಿ ಆರು ತಿಂಗಳು ಒಂದೇ ಕಡೆ ಇರುತ್ತಾನೆ ಅಂದುಕೊಂಡು ಕಟ್ಟಿದ್ದು, ಸೈಟಿನವರು ಹಾಗಿರುವುದಿಲ್ಲ.

ಮೊದಲು ಅವರ ನಿಕ್ಷಯ್ ಐಡಿ (ಸರ್ಕಾರದ ಟಿಬಿ ದಾಖಲೆಯಲ್ಲಿ ರೋಗಿಗೆ ಕೊಡುವ ನಂಬರು) ಬರೆದಿಟ್ಟುಕೊಳ್ಳಿ, ಚಿಕಿತ್ಸಾ ಕಾರ್ಡಿನ ಫೋಟೊ ಅವರ ಫೋನಿನಲ್ಲೇ ಇರಲಿ. ಇದಿಲ್ಲದೆ ಊರಿನ ಆರೋಗ್ಯ ಕೇಂದ್ರಕ್ಕೆ ಹೋದರೆ ಅಲ್ಲಿ ಹೊಸ ರೋಗಿ ಎಂದು ಬರೆದುಕೊಳ್ಳುವ ಸಾಧ್ಯತೆ ಹೆಚ್ಚು. ಆಗ ನುಂಗಿದ ಡೋಸುಗಳ ಲೆಕ್ಕ ಒಂದು ಐಡಿಯಲ್ಲಿ, ಮುಂದಿನದು ಇನ್ನೊಂದರಲ್ಲಿ.

20 ದಿನಕ್ಕಾದರೆ ವರ್ಗಾವಣೆಯ ಗೋಜು ಬೇಡ, ಮಾತ್ರೆ ಕಟ್ಟಿಸಿಕೊಂಡು ಹೋಗಲಿ. ಲೆಕ್ಕ ಹೀಗೆ: ವಯಸ್ಕರಿಗೆ ತೂಕದ ಪ್ರಕಾರ ದಿನಕ್ಕೆ 25–34 ಕೆಜಿಗೆ 2, 35–49ಕ್ಕೆ 3, 50–64ಕ್ಕೆ 4, 65–75ಕ್ಕೆ 5 ಮಾತ್ರೆ. 52 ಕೆಜಿ ಇದ್ದವರು 20 ದಿನಕ್ಕೆ ಹೋಗುತ್ತಿದ್ದರೆ ಒಂದು ವಾರ ಹೆಚ್ಚಿಗೆ ಸೇರಿಸಿ 27 × 4 = 108 ಮಾತ್ರೆ ಕೇಳಿ. ಜಾತ್ರೆಗೆ ಹೋದವರು ಹೇಳಿದ ದಿನಕ್ಕೆ ವಾಪಸ್ ಬರುವುದು ಅಷ್ಟರಲ್ಲೇ ಇದೆ! ಹೊರಡುವ ಹಿಂದಿನ ದಿನ ಕೇಳಿದರೆ ಆಗುವುದಿಲ್ಲ, ಹತ್ತು ದಿನ ಮುಂಚೆಯೇ ಹೇಳಿಡಿ.

ಒಂದು ಸೂಕ್ಷ್ಮ. ಮೊದಲ ಎರಡು ತಿಂಗಳು (56 ಡೋಸು) ನಾಲ್ಕು ಔಷಧಿ ಸೇರಿದ ಮಾತ್ರೆ, ಆಮೇಲಿನ ನಾಲ್ಕು ತಿಂಗಳು (112 ಡೋಸು) ಮೂರು ಔಷಧಿಯದು. 56ನೇ ಡೋಸು ಊರಲ್ಲಿರುವಾಗ ಮುಗಿಯುವಂತಿದ್ದರೆ ಆ ಹಂತದ ಕಫ ಪರೀಕ್ಷೆ ಎಲ್ಲಿ, ಮುಂದಿನ ಮಾತ್ರೆ ಯಾವುದು ಎಂದು ಮೊದಲೇ ಬರೆಸಿಕೊಳ್ಳಬೇಕು.

ತಿಂಗಳಿಗಿಂತ ಹೆಚ್ಚಾದರೆ ನಿಕ್ಷಯ್‌ನಲ್ಲೇ ವರ್ಗಾವಣೆ ಮಾಡಿಸಿ. ಅದಕ್ಕೆ 'ಯಾದಗಿರಿ' ಎಂದಷ್ಟೇ ಹೇಳಿದರೆ ಸಾಲದು. ತಾಲ್ಲೂಕು, ಪ್ರಾಥಮಿಕ ಆರೋಗ್ಯ ಕೇಂದ್ರದ ಹೆಸರು, ಸಾಧ್ಯವಾದರೆ ಊರಿನ ಆಶಾ ಕಾರ್ಯಕರ್ತೆಯ ಫೋನ್ ನಂಬರೂ ಬೇಕು. ಇಲ್ಲಿಂದ ಕಳಿಸಿದ್ದನ್ನು ಅಲ್ಲಿಯವರು ಒಪ್ಪಿಕೊಂಡರೇ ಎಂದು ಫೋನ್ ಮಾಡಿ ಕೇಳಿ. ಎಲ್ಲಾದರೂ ತೊಡಕಾದರೆ ಟಿಬಿ ಸಹಾಯವಾಣಿ 1800-11-6666.

ವಾಘೋಲಿ 2021ರಲ್ಲಿ ಪುಣೆ ಮಹಾನಗರಪಾಲಿಕೆಗೆ ಸೇರಿದೆ. ಸೈಟು ಪಾಲಿಕೆಯ ಗಡಿಯೊಳಗೋ, ಪಕ್ಕದ ಗ್ರಾಮ ಪಂಚಾಯಿತಿಯಲ್ಲೋ ಖಚಿತ ಮಾಡಿಕೊಳ್ಳಿ, ಇಲ್ಲದಿದ್ದರೆ ಪಾಲಿಕೆ ಮತ್ತು ಜಿಲ್ಲಾ ಪರಿಷತ್ತಿನ ನಡುವೆ ಸುಮ್ಮನೆ ಅಲೆದಾಟ.

ಸೂಕ್ಷ್ಮದರ್ಶಕ:
ಎರಡನೇ ಪ್ರಶ್ನೆಗೆ. ಆ 'ಏನೂ ಇಲ್ಲ' ಎಂಬ ವರದಿಯನ್ನು ನಂಬುವ ಮೊದಲು ಡಬ್ಬಿಯಲ್ಲಿ ಏನು ಹೋಗಿತ್ತು ಎಂದು ಕೇಳಿ. ಮರಾಠಿಯಲ್ಲಿ ಕಫ ಪರೀಕ್ಷೆಗೆ 'ಥುಂಕಿ ತಪಾಸಣಿ' ಎನ್ನುತ್ತಾರೆ. ಥುಂಕಿ ಎಂದರೆ ಉಗುಳು ಎಂದುಕೊಂಡು ನಮ್ಮವರು ಬಾಯಲ್ಲಿದ್ದ ಎಂಜಲನ್ನೇ ತುಂಬಿಕೊಡುತ್ತಾರೆ. ಎಂಜಲಲ್ಲಿ ರೋಗಾಣು ಸಿಗುವುದು ಕಷ್ಟ.

ಸರಿಯಾದ ಕ್ರಮ: ಬರೀ ನೀರಿನಿಂದ ಬಾಯಿ ಮುಕ್ಕಳಿಸಬೇಕು, ತಂಬಾಕು ಇದ್ದರೆ ಪೂರ್ತಿ ತೆಗೆಯಬೇಕು. ಶೆಡ್ಡಿನ ಹೊರಗೆ, ಬಯಲಲ್ಲಿ, ಜನರಿಂದ ದೂರ ನಿಂತು ಎರಡು ಮೂರು ಸಲ ದೀರ್ಘ ಉಸಿರು ಎಳೆದು, ಎದೆಯಾಳದಿಂದ ಕೆಮ್ಮಿ ತೆಗೆಯಬೇಕು. ಕನಿಷ್ಠ 2 ಮಿಲಿ, ಗಟ್ಟಿಯಾಗಿರಬೇಕು, ಬರೀ ನೊರೆ ಆಗಬಾರದು. ಎರಡು ಮಾದರಿ, ಅದರಲ್ಲಿ ಒಂದು ಬೆಳಗ್ಗೆ ಎದ್ದ ಕೂಡಲೇ ತೆಗೆದದ್ದು. ಸೂಕ್ಷ್ಮದರ್ಶಕದ ಪರೀಕ್ಷೆ ಮಾತ್ರ ಆಗಿದ್ದರೆ ಟ್ರೂನ್ಯಾಟ್ ಅಥವಾ ಸಿಬಿನ್ಯಾಟ್ (ರೋಗಾಣುವಿನ ಡಿಎನ್‌ಎ ಹುಡುಕುವ ಪರೀಕ್ಷೆ) ಕೇಳಿ. ಅದು ಕಡಿಮೆ ರೋಗಾಣು ಇದ್ದರೂ ಹಿಡಿಯುತ್ತದೆ, ಟಿಬಿಯ ಮುಖ್ಯ ಔಷಧಿ ರಿಫಾಂಪಿಸಿನ್ ನಾಟುತ್ತದೋ ಇಲ್ಲವೋ ಎನ್ನುವುದನ್ನೂ ಹೇಳುತ್ತದೆ. ಜೊತೆಗೆ ಎದೆಯ ಎಕ್ಸ್‌ರೇ.

ನಾಕಾ ಪಕ್ಕದ ಖಾಸಗಿ ದವಾಖಾನೆಯಲ್ಲಿ ಲೆವೊಫ್ಲಾಕ್ಸಾಸಿನ್‌ನಂಥ ಆಂಟಿಬಯಾಟಿಕ್ ಕೊಟ್ಟಿದ್ದಾರಾ ನೋಡಿ. ಅದು ಟಿಬಿ ರೋಗಾಣುವನ್ನು ಅರೆಬರೆ ಅಡಗಿಸುತ್ತದೆ. ರೋಗಿಗೆ ವಾರ ಹಾಯೆನಿಸುತ್ತದೆ, ಪತ್ತೆ ಹಚ್ಚುವುದು ಮಾತ್ರ ತಡವಾಗುತ್ತದೆ.

ಇನ್ನೊಂದು, ಅವರ ಕೆಲಸ ಏನು? ಕಲ್ಲು ಅಥವಾ ಟೈಲ್ಸ್ ಕಟಿಂಗ್ ಆದರೆ ಎಷ್ಟು ವರ್ಷದಿಂದ ಎಂದು ವೈದ್ಯರಿಗೆ ತಪ್ಪದೆ ಹೇಳಿಸಿ. ಸಿಲಿಕಾ ಧೂಳಿನ ಸಿಲಿಕೋಸಿಸ್‌ನಲ್ಲೂ ಕೆಮ್ಮು, ದಮ್ಮು ಬರುತ್ತದೆ, ಸಿಲಿಕೋಸಿಸ್ ಇದ್ದವರಿಗೆ ಟಿಬಿಯೂ ಬೇಗ ಅಂಟುತ್ತದೆ. ಮುಖಕ್ಕೆ ಕಟ್ಟುವ ಟವೆಲ್ ಆ ನುಣ್ಣನೆ ಧೂಳನ್ನು ತಡೆಯುವುದಿಲ್ಲ. ಬ್ಲೇಡಿಗೆ ನೀರು ಬಿಟ್ಟು ಕತ್ತರಿಸುವುದೇ ದಾರಿ, ಮಾಸ್ಕ್ ಆಮೇಲಿನ ಮಾತು.

ಭೀಮಾತೀರ:
ರೊಕ್ಕದ್ದು ನಾ ಹೇಳ್ತೀನ್ರಿ. 2024ರ ನವೆಂಬರ್‌ದಿಂದ ತಿಂಗಳಿಗೆ 500 ಹೋಗಿ 1000 ರೂಪಾಯಿ ಆಗ್ಯದ. ತಿಂಗಳಾ ತಿಂಗಳಾ ಬರಂಗಿಲ್ಲ, 3000 ಮೊದಲಿಗೆ, ಇನ್ನ 3000 ಚಿಕಿತ್ಸೆಗೆ 84 ದಿನ ತುಂಬಿದ ಮ್ಯಾಲ. ಬರಲಿಲ್ಲಂದ್ರ ಖಾತೆ ನೋಡ್ರಿ. ಊರಾಗ ತೆಗೆದ ಜನಧನ ಖಾತೆ ವರ್ಷಗಟ್ಟಲೆ ವ್ಯವಹಾರ ಇಲ್ಲದ ಬಂದ್ ಆಗಿರ್ತದ, ಇಲ್ಲಾ ಆಧಾರ್ ಬ್ಯಾರೆ ಖಾತೆಗೆ ಜೋಡಣೆ ಆಗಿರ್ತದ. ಪಾಸ್‌ಬುಕ್ಕಿನ ಮ್ಯಾಲ ಪ್ರಗತಿ ಕೃಷ್ಣಾ ಗ್ರಾಮೀಣ ಬ್ಯಾಂಕ್ ಅಂತ ಇದ್ರ ಆ ಬ್ಯಾಂಕ್ 2019ರಾಗ ವಿಲೀನ ಆಗಿಹೋಗ್ಯದ, ಈಗಿನ ಐಎಫ್‌ಎಸ್‌ಸಿ ಕೇಳಿ ತಗೊಂಡು ಅದನ್ನ ಕೊಡ್ರಿ.

ರೇಷನ್ನೂ ಕೇಳ್ರಿ. ಊರಿನ ಬಿಪಿಎಲ್ ಕಾರ್ಡ್ ಮ್ಯಾಲ ಪುಣೆ ಅಂಗಡಿಯಾಗೂ ಬೆರಳಚ್ಚು ಕೊಟ್ಟು ಕೇಂದ್ರದ ಪಾಲು, ತಲಿಗೆ 5 ಕೆಜಿ, ತಗೋಬಹುದು. ಕರ್ನಾಟಕ ಸರ್ಕಾರ ಮ್ಯಾಲ ಕೊಡೋದು ಇಲ್ಲಿ ಸಿಗಂಗಿಲ್ಲ. ಮನ್ಯಾಗಿನವರು ಊರಾಗ ಆಗಲೇ ಎತ್ತಿದ್ರ ಇಲ್ಲಿ ಎರಡನೇ ಸಲ ಇಲ್ರಿ.

ಮಾತ್ರೆ ನಡುವ ಬಿಡೋದು ಎರಡನೇ ತಿಂಗಳಾಗ ಜಾಸ್ತಿ, ಆರಾಮ ಆತು ಅನಸ್ತದಲ್ಲ. ಮೂತ್ರ ಕೇಸರಿ ಆದ್ರ ಹೆದರೋದು ಬ್ಯಾಡ, ಅದು ರಿಫಾಂಪಿಸಿನ್ ಬಣ್ಣ. ಆದ್ರ ಕಣ್ಣು ಹಳದಿ ಆದ್ರ, ಮಂಜಾಗಿ ಕಾಣಸಿದ್ರ ಅವತ್ತೇ ದವಾಖಾನಿಗೆ ಕರಕೊಂಡು ಹೋಗ್ರಿ. ಗರ್ಭ ನಿಲ್ಲಬಾರದಂತ ಗುಳಿಗಿ ತಗೊಳ್ಳೋ ಹೆಣ್ಣಮಕ್ಕಳಿಗೆ, ಟಿಬಿ ಮಾತ್ರೆ ಜೋಡಿ ಅದು ಸರಿಯಾಗಿ ಕೆಲಸ ಮಾಡಂಗಿಲ್ಲ ಅಂತ ಬಿಡಿಸಿ ಹೇಳ್ರಿ. ಇದನ್ನ ಯಾರೂ ಹೇಳಂಗಿಲ್ಲ. ಲಂಬಾಣಿ ಹೆಣ್ಣಮಕ್ಕಳ ಜೋಡಿ ಅವರ ಭಾಷಾ ಬರೋ ಹೆಣ್ಣಮಗಳೇ ಮಾತಾಡಲಿ, ಮುಕಾದಮನ (ಕೂಲಿಯವರ ಮೇಸ್ತ್ರಿ) ಮುಂದ ಬ್ಯಾಡ. ಯಾರಿಗೆ ರೋಗ ಅಂತ ಅವಂಗ ಗೊತ್ತಾದ್ರ ಹಾಜರಿ ಪುಸ್ತಕದಿಂದ ಹೆಸರು ಹೋಗ್ತದ.

ವಾಘೋಲಿ_ಕನ್ನಡಿಗ:
ಬಹಳ ಉಪಕಾರ. ಅದೇ ಶೆಡ್ಡಿನಲ್ಲಿ ಮಲಗುವ ಉಳಿದವರಿಗೆ? ಒಂದೊಂದರಲ್ಲಿ ಆರೇಳು ಜನ, ಇಬ್ಬರು ಸಣ್ಣ ಮಕ್ಕಳೂ ಇದ್ದಾರೆ.

ಡಾಟ್ಸ್_ಡೈರಿ:
ಒಂದೇ ಒಲೆಯ ಮನೆಯವರನ್ನಷ್ಟೇ ಸಂಪರ್ಕದವರೆಂದು ಬರೆದುಕೊಂಡರೆ ಶೆಡ್ಡಿನ ಗೆಳೆಯರು ಹೊರಗುಳಿಯುತ್ತಾರೆ. ರಾತ್ರಿ ಒಂದೇ ಸೂರಿನಡಿ ಮಲಗುವವರೆಲ್ಲರ ಹೆಸರನ್ನೂ ನೀವೇ ಬರೆದು ಕೊಡಿ. ಕೆಮ್ಮು, ಜ್ವರ, ಬೆವರು, ತೂಕ ಇಳಿಕೆ ಇದ್ದರೆ ಮೊದಲು ಪರೀಕ್ಷೆ. ಟಿಬಿ ಇಲ್ಲವೆಂದು ಖಾತ್ರಿಯಾದ ಮೇಲೆ ತಡೆಗಟ್ಟುವ ಚಿಕಿತ್ಸೆ: ಆರು ತಿಂಗಳು ದಿನವೂ ಐಸೋನಿಯಾಜಿಡ್, ಅಥವಾ ವಾರಕ್ಕೊಮ್ಮೆಯಂತೆ 12 ಡೋಸಿನ ಕ್ರಮ. ಓಡಾಡುವ ಜನಕ್ಕೆ ಎರಡನೆಯದು ವಾಸಿ, ಆದರೆ ಮಕ್ಕಳಿಗೆ ಯಾವುದು ಎನ್ನುವುದನ್ನು ವೈದ್ಯರೇ ಹೇಳಬೇಕು. ಐದು ವರ್ಷದೊಳಗಿನವರನ್ನು ಮೊದಲು ಕರೆದೊಯ್ಯಿರಿ. ಶೆಡ್ಡಿಗೆ ಎದುರುಬದುರು ಎರಡು ಕಿಂಡಿ ಕೊರೆಸಿ, ಒಂದೇ ಕಿಂಡಿ ಇದ್ದರೆ ಗಾಳಿ ಹೊರಗೆ ಹೋಗುವುದಿಲ್ಲ.

ಮುಂದಿನ ಭಾನುವಾರ ತೂಕದ ಯಂತ್ರ ಒಯ್ಯಿರಿ. 49 ಕೆಜಿಯಲ್ಲಿ ಶುರು ಮಾಡಿದವರು ಈಗ 54 ಆಗಿದ್ದರೆ ಮೂರರ ಬದಲು ನಾಲ್ಕು ಮಾತ್ರೆ ಬೇಕಾಗುತ್ತದೆ. ಊರಿಗೆ ಕಟ್ಟಿಕೊಡುವ ಲೆಕ್ಕ ಆಮೇಲೆ ಹಾಕಿ.