ವಿಷಯ: ‘ಅಕ್ಯೂಟ್ ಹಾರ್ಟ್ ಫೇಲ್ಯೂರ್’ಗೆ ಕನ್ನಡದಲ್ಲಿ ಏನು? ನಾಳೆಯೊಳಗೆ ಬೇಕು

ಎಲ್ಲರಿಗೂ ನಮಸ್ಕಾರ.

ಒಂದು ಕ್ಲಿನಿಕಲ್ ಟ್ರಯಲ್‌ನ ಒಪ್ಪಿಗೆ ಪತ್ರವನ್ನು ಕನ್ನಡಕ್ಕೆ ತರುತ್ತಿದ್ದೇನೆ. ನಾಳೆ ಸಂಜೆಯೊಳಗೆ ಕಳಿಸಬೇಕು. ಅಕ್ಯೂಟ್ ಹಾರ್ಟ್ ಫೇಲ್ಯೂರ್ ಆಗಿ ಆಸ್ಪತ್ರೆಗೆ ಬಂದವರಿಗೆ ಹೊಸ ಔಷಧವೊಂದನ್ನು ಡ್ರಿಪ್‌ನಲ್ಲಿ ಕೊಟ್ಟು ನೋಡುತ್ತಾರೆ. ಓದುವವರು ಯಾರು ಅಂತ ಮೊದಲೇ ಹೇಳಿಬಿಡುತ್ತೇನೆ. ಶ್ವಾಸಕೋಶದಲ್ಲಿ ನೀರು ತುಂಬಿದೆ, ಮಲಗಿದರೆ ಉಸಿರು ಕಟ್ಟುತ್ತದೆ, ಅದಕ್ಕೇ ಮಂಚದ ಅಂಚಿನಲ್ಲಿ ಕಾಲು ಇಳಿಬಿಟ್ಟು ಕೂತಿರುವ ರೋಗಿ. ಪಕ್ಕದಲ್ಲಿ ಗಾಬರಿಬಿದ್ದ ಮಗನೋ ಸೊಸೆಯೋ. ನಿಘಂಟು ತೆಗೆದು ನೋಡುವ ಹೊತ್ತಲ್ಲ ಅದು.

ನನ್ನ ಬಳಿ ಇರುವ ಹಳೆಯ ಪತ್ರಗಳಲ್ಲೆಲ್ಲ ‘ತೀವ್ರ ಹೃದಯ ವೈಫಲ್ಯ’ ಅಂತಿದೆ. ಆದರೆ ಅಕ್ಯೂಟ್‌ಗೂ ತೀವ್ರ, ಸಿವಿಯರ್‌ಗೂ ತೀವ್ರ. ಮೂಲದಲ್ಲಿ ಎರಡೂ ಒಂದೇ ವಾಕ್ಯದಲ್ಲಿ ಬಂದುಬಿಟ್ಟಿವೆ. ನಾನು ಬರೆದದ್ದು ಹೀಗಾಯಿತು: ‘ತೀವ್ರ ಹೃದಯ ವೈಫಲ್ಯವು ತೀವ್ರವಾಗಿದ್ದಲ್ಲಿ’. ಓದಿ ನನಗೇ ನಗು ಬಂತು.

ಪ್ಲಸೀಬೊಗೂ, ಅಂದರೆ ಹೋಲಿಸಿ ನೋಡಲು ಔಷಧದ ಹಾಗೇ ಕೊಡುವ, ಒಳಗೆ ಔಷಧವೇ ಇಲ್ಲದ್ದಕ್ಕೂ, ಒಂದು ಪದ ಬೇಕು. ಹಿಂದೊಮ್ಮೆ ‘ಸಪ್ಪೆ ಮಾತ್ರೆ’ ಅಂತ ಬಳಸಿದ್ದೆ. ಇಲ್ಲಿ ಮಾತ್ರೆಯೇ ಇಲ್ಲ.

ಇನ್ನೊಂದು ಗೋಳಿದೆ, ಅದನ್ನು ಆಮೇಲೆ ಬರೆಯುತ್ತೇನೆ. ದಯವಿಟ್ಟು ಪದ ಕೊಡಿ, ಪ್ರಬಂಧ ಬೇಡ.

* * *

ಮರು: ‘ಅಕ್ಯೂಟ್ ಹಾರ್ಟ್ ಫೇಲ್ಯೂರ್’ಗೆ ಕನ್ನಡದಲ್ಲಿ ಏನು?

‘ವೈಫಲ್ಯ’ ಅಂತ ಬರೆದಾಗಲೇ ಕನ್ನಡ ಅರ್ಧ ಸತ್ತಿತು. ಹೃದಯಕ್ಕೆ ನಮ್ಮಲ್ಲಿ ಗುಂಡಿಗೆ ಇದೆ. ಕಡಿಮೆಯಾಗುವುದಕ್ಕೆ ಕುಂದು ಇದೆ. ಎದೆಗುಂದು ಹೇಗೋ ಹಾಗೆ ಗುಂಡಿಗೆಗುಂದು. ಗಕಾರಾದೇಶ ಸರಿಯಾಗಿಯೇ ಇದೆ, ಯಾರೂ ತಕರಾರು ತೆಗೆಯಬೇಕಿಲ್ಲ. ಅಕ್ಯೂಟ್‌ಗೆ ದಿಢೀರ್. ಟ್ರಯಲ್‌ಗೆ ಒರೆ: ಚಿನ್ನವನ್ನು ಒರೆಗೆ ಹಚ್ಚಿದ ಹಾಗೆ ಮದ್ದನ್ನು ಹಚ್ಚುವುದು, ಮದ್ದೊರೆ. ಪ್ಲಸೀಬೊಗೆ ಹುಸಿಮದ್ದು. ಮುಗಿಯಿತು. ಜಾಸ್ತಿ ವಿವರಿಸಲು ಪುರುಸೊತ್ತಿಲ್ಲ.

* * *

ಮರು: ‘ಅಕ್ಯೂಟ್ ಹಾರ್ಟ್ ಫೇಲ್ಯೂರ್’ಗೆ ಕನ್ನಡದಲ್ಲಿ ಏನು?

> ಗುಂಡಿಗೆಗುಂದು

ಏದುಸಿರು ಬಿಡುತ್ತಿರುವವರ ಬಾಯಲ್ಲಿ ಇದನ್ನೊಮ್ಮೆ ಹೇಳಿಸಿ ನೋಡಿ ಸಾರ್. ನಾನು ವೈದ್ಯ, ಇಂಥ ವಾರ್ಡಿನಲ್ಲೇ ದಿನ ಕಳೆಯುವವನು.

ಮೇಡಂ, ನಿಮ್ಮ ‘ತೀವ್ರ’ದ ಅನುಮಾನ ಸರಿ. ಅಕ್ಯೂಟ್ ಅಂದರೆ ಎಷ್ಟು ಜೋರು ಅಂತಲ್ಲ, ಎಷ್ಟು ಬೇಗ ಬಂತು ಅಂತ. ಕೆಲವು ಗಂಟೆಗಳಲ್ಲಿ ಅಥವಾ ಕೆಲವು ದಿನಗಳಲ್ಲಿ ಏರಿದ್ದು. ಎಷ್ಟೋ ಜನರಿಗೆ ಕಾಯಿಲೆ ಹಳೆಯದೇ, ಈಗ ಉಲ್ಬಣಿಸಿರುತ್ತದೆ. ‘ಹಠಾತ್’ ಹಾಕಬೇಡಿ. ಹಠಾತ್ತಿನ ಹಿಂದೆ ‘ನಿಧನ’ ಬಂದೇ ಬರುತ್ತದೆ ಅಂತ ಪೇಪರ್ ಓದುವವರಿಗೆ ಅಭ್ಯಾಸವಾಗಿದೆ.

‘ವೈಫಲ್ಯ’ ನನಗೂ ಇಷ್ಟವಿಲ್ಲ, ಆದರೆ ಕಾರಣ ಬೇರೆ. ‘ಹಾರ್ಟ್ ಫೇಲ್ ಆಯ್ತು’ ಅಂದರೆ ನಮ್ಮ ಜನಕ್ಕೆ ಆಸಾಮಿ ಹೋದ ಅಂತಲೇ ಅರ್ಥ. ರೋಗಿ ಎದುರಿಗೆ ಕೂತು ಉಸಿರಾಡುತ್ತಿರುತ್ತಾರೆ, ಮನೆಯವರು ಅಳುವುದಕ್ಕೆ ಶುರುಮಾಡುತ್ತಾರೆ. ಹೃದಯ ನಿಂತಿಲ್ಲಪ್ಪಾ, ರಕ್ತವನ್ನು ಮುಂದಕ್ಕೆ ತಳ್ಳುವ ಕೆಲಸ ಹಿಂದೆ ಬಿದ್ದಿದೆ, ಅದಕ್ಕೇ ನೀರು ತುಂಬಿದೆ ಅಂತ ಪ್ರತಿ ಸಲವೂ ಬಿಡಿಸಿ ಹೇಳಬೇಕು.

ಹಾಗಂತ ‘ಕುಂದು’, ‘ದುರ್ಬಲ’ ಕೂಡ ಪೂರ್ತಿ ಸರಿಯಲ್ಲ. ಹೆಚ್ಚುಕಡಿಮೆ ಅರ್ಧದಷ್ಟು ರೋಗಿಗಳಲ್ಲಿ ಹೃದಯ ಹಿಂಡುವ ಬಲ ಚೆನ್ನಾಗಿಯೇ ಇರುತ್ತದೆ. ಹಿಂಡಿದ ಮೇಲೆ ಸಡಿಲವಾಗುವುದರಲ್ಲಿ ಎಡವಟ್ಟು.

* * *

ಮರು: ಮರು: ‘ಅಕ್ಯೂಟ್ ಹಾರ್ಟ್ ಫೇಲ್ಯೂರ್’ಗೆ ಕನ್ನಡದಲ್ಲಿ ಏನು?

‘ಹೃದಯ ಸೋಲು’ ಆಗಬಹುದಲ್ವಾ? ಕೈಕಾಲು ಸೋತಿವೆ ಅನ್ನುತ್ತೇವೆ. ಸತ್ತಿವೆ ಅಂತ ಯಾರೂ ತಿಳಿಯುವುದಿಲ್ಲ.

* * *

ಮರು: ಗುಂಡಿಗೆ

ಹೃದಯ ಸೋತವರು ಪ್ರೇಮಿಗಳು. ಅವರಿಗೆಲ್ಲ ಡ್ರಿಪ್ ಹಾಕುತ್ತೀರಾ?

ಗುಂಡಿಗೆಯ ಬಗ್ಗೆ ಎರಡು ಮಾತು. ತೆಲುಗಿನ ಗುಂಡೆ, ನಮ್ಮ ಗುಂಡಿಗೆ, ಎರಡೂ ಗುಂಡು ಎಂಬುದರಿಂದ ಬಂದವು, ಗುಂಡಗಿರುವುದು ಎಂದು. ಈ ಬಗ್ಗೆ ಹಿಂದೆಯೂ ಬರೆದಿದ್ದೆ, ಯಾರೂ ಉತ್ತರ ಕೊಡಲಿಲ್ಲ. ಪ್ಲಸೀಬೊ ಲ್ಯಾಟಿನ್‌ನ ಕ್ರಿಯಾಪದ, ‘ಮೆಚ್ಚಿಸುವೆನು’ ಎಂದು ಅರ್ಥ. ಆದ್ದರಿಂದ ಹುಸಿಮದ್ದು ತಪ್ಪು. ಮೆಚ್ಚುಮದ್ದು ಎನ್ನಬೇಕು.

* * *

ಮರು: ಮರು: ಗುಂಡಿಗೆ

> ಗುಂಡಗಿರುವುದು

ಹೃದಯ ಗುಂಡಗಿಲ್ಲ. ದನಿ ಹೋಲುವುದೇ ಸಾಕ್ಷಿಯಾದರೆ ಗುಂಡಿಯೂ ಗುಂಡಿಗೆಯ ತಂಗಿ. ಹಿಂದೆ ಉತ್ತರ ಬರದಿದ್ದಕ್ಕೆ ಕಾರಣ ಇದೇ.

ಮೆಚ್ಚುಮದ್ದು, ಹುಸಿಮದ್ದು ಎರಡನ್ನೂ ಬಿಡಿ. ಯಾರಿಗೋ ‘ಮದ್ದು ಹಾಕಿದ್ದಾರೆ’ ಅಂದರೆ ಊಟದಲ್ಲಿ ಏನೋ ಬೆರೆಸಿ ಕೊಟ್ಟಿದ್ದಾರೆ ಅಂತ. ಒಪ್ಪಿಗೆ ಪತ್ರದಲ್ಲಿ ‘ನಿಮಗೆ ಮೆಚ್ಚುಮದ್ದು ಹಾಕಲಾಗುವುದು’ ಅಂತ ಬರೆದರೆ ರುಜು ಹಾಕುವವರು ಯಾರು?

* * *

ಮರು: ಪ್ಲಸೀಬೊ

ವೈದ್ಯ ಮತ್ತೆ. ‘ಹುಸಿ’ ಯಾಕೆ ಬೇಡ ಅನ್ನುವುದಕ್ಕೆ ಇನ್ನೂ ಗಟ್ಟಿ ಕಾರಣವಿದೆ. ಈ ಟ್ರಯಲ್‌ಗಳಲ್ಲಿ ಪ್ಲಸೀಬೊ ಗುಂಪಿನವರನ್ನು ಸುಮ್ನೆ ಕೂರಿಸುವುದಿಲ್ಲ. ನೀರು ಇಳಿಸುವ ಫ್ಯೂರೊಸೆಮೈಡ್, ಆಕ್ಸಿಜನ್, ಬೇಕಾದ್ದೆಲ್ಲ ಅವರಿಗೂ ಸಿಗುತ್ತದೆ. ಹೊಸ ಔಷಧ ಮಾತ್ರ ಇಲ್ಲ. 2011ರಲ್ಲಿ ಪ್ರಕಟವಾದ ಅಸೆಂಡ್-ಎಚ್‌ಎಫ್ ಟ್ರಯಲ್ ನೋಡಿ. ಏಳು ಸಾವಿರಕ್ಕೂ ಹೆಚ್ಚು ರೋಗಿಗಳು, ಔಷಧ ನೆಸಿರಿಟೈಡ್. 24 ಗಂಟೆ ಕಳೆದ ಮೇಲೆ, ಉಸಿರಾಟ ಚೆನ್ನಾಗಿ ಸುಧಾರಿಸಿದೆ ಅಂದವರು ಔಷಧದ ಗುಂಪಿನಲ್ಲಿ ನೂರಕ್ಕೆ 68, ಪ್ಲಸೀಬೊ ಗುಂಪಿನಲ್ಲಿ 66. ಮೂವರಲ್ಲಿ ಇಬ್ಬರಿಗೆ ‘ಹುಸಿ’ಯಿಂದ ಗುಣವಾಯಿತಾ? ಇಲ್ಲ, ಎಂದಿನ ಚಿಕಿತ್ಸೆಯೂ ನಡೆಯುತ್ತಿತ್ತು. 30 ದಿನಗಳಲ್ಲಿ ಸಾವು, ಮತ್ತೆ ಆಸ್ಪತ್ರೆ ಸೇರುವುದು ಇವುಗಳಲ್ಲಿ ನೆಸಿರಿಟೈಡ್ ಏನೂ ವ್ಯತ್ಯಾಸ ತರಲಿಲ್ಲ. ರಕ್ತದೊತ್ತಡ ಇಳಿದದ್ದು ಮಾತ್ರ ಜಾಸ್ತಿ.

ಅದೇ ವರ್ಷ ಬಂದ ಡೋಸ್ ಟ್ರಯಲ್‌ನಲ್ಲಿ ಇನ್ನೂ ಮಜಾ. 308 ರೋಗಿಗಳು. ಫ್ಯೂರೊಸೆಮೈಡನ್ನು 12 ಗಂಟೆಗೊಮ್ಮೆ ಒಟ್ಟಿಗೆ ಕೊಡುವುದು ಮೇಲೋ, ಡ್ರಿಪ್‌ನಲ್ಲಿ ಸತತವಾಗಿ ಬಿಡುವುದು ಮೇಲೋ ಅಂತ ಪ್ರಶ್ನೆ. ಯಾರಿಗೂ ಗುಟ್ಟು ತಿಳಿಯಬಾರದು ಅಂತ ಪ್ರತಿಯೊಬ್ಬರಿಗೂ ಎರಡನ್ನೂ ಕೊಟ್ಟರು. ಒಂದರಲ್ಲಿ ಔಷಧ, ಇನ್ನೊಂದರಲ್ಲಿ ಇಲ್ಲ. ಅಲ್ಲಿ ಔಷಧ ಎಲ್ಲರಿಗೂ ಸಿಕ್ಕಿತು, ಪ್ಲಸೀಬೊ ಕೂಡ ಎಲ್ಲರಿಗೂ ಸಿಕ್ಕಿತು. ಇದಕ್ಕೆ ‘ಹುಸಿಮದ್ದಿನ ಗುಂಪು’ ಅಂತ ಹೇಗೆ ಬರೆಯುತ್ತೀರಿ? ಅಂದ ಹಾಗೆ, ಎರಡು ವಿಧಾನಗಳ ನಡುವೆ ಹೇಳಿಕೊಳ್ಳುವಂಥ ವ್ಯತ್ಯಾಸ ಕಾಣಲಿಲ್ಲ.

‘ಔಷಧವಿಲ್ಲದ ದ್ರಾವಣ’ ಅಂತ ಬರೆಯಿರಿ, ಸಾಕು.

* * *

ಮರು: ಪ್ಲಸೀಬೊ

ಔಷಧ ಸಂಸ್ಕೃತ. ದ್ರಾವಣ ಸಂಸ್ಕೃತ. ಕನ್ನಡ ಉಳಿದದ್ದು ‘ಇಲ್ಲದ’ ಒಂದೇ. ಹೀಗೇ ಮಾಡಿ ಮಾಡಿ ನಮ್ಮ ಭಾಷೆಯಲ್ಲಿ ‘ಇಲ್ಲ’ ಮಾತ್ರ ಉಳಿಯುತ್ತದೆ.

* * *

ಮರು: ಮರು: ಪ್ಲಸೀಬೊ — ಪುರುಸೊತ್ತು

ತಾವು ಮೊದಲ ಪತ್ರದಲ್ಲಿ ‘ಪುರುಸೊತ್ತಿಲ್ಲ’ ಅಂದಿರಿ. ಪುರುಸೊತ್ತು ಅರಬ್ಬಿಯಿಂದ ಬಂದದ್ದು. ತಕರಾರು ಕೂಡ. ಜಾಸ್ತಿಯೂ ಅದೇ ದಾರಿಯದು. ಕಾಗದ ಪಾರ್ಸಿ. ಆಸ್ಪತ್ರೆ ಹಾಸ್ಪಿಟಲ್‌ನ ಮೊಮ್ಮಗ. ಇವೆಲ್ಲ ಒಳಗೆ ಬಂದು ಕೂತು ಕನ್ನಡ ಮಾತಾಡುತ್ತಿಲ್ವಾ? ಡ್ರಿಪ್ ಮಾತ್ರ ಹೊಸ್ತಿಲಲ್ಲೇ ನಿಲ್ಲಬೇಕಾ?

* * *

ಮರು: ಪುರುಸೊತ್ತು

ಬಾಯಿಂದ ಬಾಯಿಗೆ ಸವೆದು ಬಂದದ್ದು ಬೇರೆ, ಪುಸ್ತಕದಿಂದ ಎತ್ತಿ ಹೇರಿದ್ದು ಬೇರೆ. ಪುರುಸೊತ್ತು ನನ್ನ ಅಜ್ಜಿಗೂ ಗೊತ್ತಿತ್ತು. ವೈಫಲ್ಯ ಗೊತ್ತಿರಲಿಲ್ಲ. ಇಷ್ಟು ತಿಳಿಯದವರೊಡನೆ ನನಗೆ ಮಾತಿಲ್ಲ.

* * *

ಮರು: ಪುರುಸೊತ್ತು — ದಯವಿಟ್ಟು ನನ್ನ ಪ್ರಶ್ನೆಗೆ ಬನ್ನಿ

ಅಜ್ಜಿಯ ಮಾತು ನನಗೆ ಒಪ್ಪಿಗೆ. ಜಗಳವನ್ನು ನಾಳೆ ರಾತ್ರಿಗೆ ಇಟ್ಟುಕೊಳ್ಳಿ.

ಈಗ ಆ ಮೂರನೇ ಗೋಳು. ‘ನಿಮ್ಮ ಉಸಿರಾಟ ಮೊದಲಿಗಿಂತ ಹೇಗಿದೆ’ ಅಂತ ಕೇಳಿ ಏಳು ಉತ್ತರ ಕೊಟ್ಟಿದ್ದಾರೆ. ನಡುವೆ ‘ಬದಲಾಗಿಲ್ಲ’. ಮೇಲೆ ಮೂರು ಮೆಟ್ಟಿಲು ಒಳ್ಳೆಯದು, ಕೆಳಗೆ ಮೂರು ಕೆಟ್ಟದ್ದು. ತುದಿಯದು ಸುಲಭ: ‘ತುಂಬಾ’. ಹತ್ತಿರದ್ದೂ ಸುಲಭ: ‘ಸ್ವಲ್ಪ’. ಇವೆರಡರ ನಡುವಿನದು ಸಿಗುತ್ತಿಲ್ಲ. ‘ಮಧ್ಯಮವಾಗಿ ಉತ್ತಮವಾಗಿದೆ’ ಅಂತ ಜಗತ್ತಿನಲ್ಲಿ ಯಾರೂ ಹೇಳಿಲ್ಲ. ‘ಸುಮಾರಾಗಿದೆ’ ಅಂದರೆ ಅಷ್ಟಕ್ಕಷ್ಟೇ ಅಂತಾಗುತ್ತದೆ.

ಮೆಟ್ಟಿಲು ಹತ್ತಿ ಬಂದು ಏದುಸಿರು ಬಿಡುತ್ತಿದ್ದ ನಮ್ಮತ್ತೆಯನ್ನು ಐದು ನಿಮಿಷ ಬಿಟ್ಟು ಕೇಳಿದೆ: ‘ಅತ್ತೆ, ಉಸಿರಾಟ ಈಗ ಹೇಗಿದೆ?’ ‘ಪರವಾಗಿಲ್ಲ’ ಅಂದರು. ಪಟ್ಟಿ ತೋರಿಸಿ, ಇದರಲ್ಲಿ ಯಾವುದು ಹೇಳಿ ಅಂದೆ. ಕನ್ನಡಕ ಹಾಕಿಕೊಂಡು ಏಳನ್ನೂ ಓದಿದರು. ‘ಇದರಲ್ಲಿ ಪರವಾಗಿಲ್ಲ ಎಲ್ಲಿದೆ?’ ಅಂತ ನನ್ನನ್ನೇ ಕೇಳಿದರು. ಇನ್ನೊಂದು ಸಲ ಕೇಳಿದ್ದಕ್ಕೆ ‘ಅಯ್ಯೋ, ಸುಧಾರಿಸಿಕೊಳ್ಳೋಕೆ ಬಿಡೇ’ ಅಂದರು. ಆಗ ಹೊಳೆಯಿತು, ‘ಸುಧಾರಿಸಿದೆಯೇ’ ಅಂತ ಬರೆದರೂ ಕಷ್ಟ. ದಣಿವಾರಿತಾ ಅಂತ ಕೇಳಿದ ಹಾಗಾಗುತ್ತದೆ.

* * *

ಮರು: ಪರವಾಗಿಲ್ಲ

ಈ ಇಡೀ ಚರ್ಚೆಯಲ್ಲಿ ಮುಖ್ಯವಾದ ಪ್ರಶ್ನೆ ಇದೇ. ಯಾಕೆ ಅಂತ ಹೇಳುತ್ತೇನೆ.

ಸೆರೆಲಾಕ್ಸಿನ್ ಅಂತ ಒಂದು ಔಷಧ. 1161 ರೋಗಿಗಳ ರಿಲ್ಯಾಕ್ಸ್-ಎಎಚ್‌ಎಫ್ ಟ್ರಯಲ್ 2013ರಲ್ಲಿ ಅಚ್ಚಾಯಿತು. ಉಸಿರಾಟದ ಬಗ್ಗೆ ಅದೇ ರೋಗಿಗಳನ್ನು ಎರಡು ಥರ ಕೇಳಿದ್ದರು. ಒಂದು, 0ಯಿಂದ 100ರವರೆಗಿನ ಗೆರೆಯ ಮೇಲೆ ಗುರುತು ಹಾಕಿಸಿ, ಐದು ದಿನದ ಲೆಕ್ಕ ತೆಗೆಯುವುದು. ಇನ್ನೊಂದು, ನಿಮ್ಮ ಕೈಯಲ್ಲಿರುವ ಥರದ್ದೇ ಏಳು ಮೆಟ್ಟಿಲು, ಮೊದಲ 24 ಗಂಟೆಯಲ್ಲಿ. ಗೆರೆಯಲ್ಲಿ ಔಷಧ ಗೆದ್ದಿತು. ಮೆಟ್ಟಿಲಿನಲ್ಲಿ ಗೆಲ್ಲಲಿಲ್ಲ. ಆ ಟ್ರಯಲ್‌ನಲ್ಲಿ 180 ದಿನದ ಸಾವುಗಳೂ ಕಡಿಮೆ ಕಂಡವು, ಎಲ್ಲರೂ ಆಸೆ ಇಟ್ಟುಕೊಂಡರು. ಆರೂವರೆ ಸಾವಿರ ಜನರ ಎರಡನೇ ಟ್ರಯಲ್ 2019ರಲ್ಲಿ ಬಂತು. ಸಾವಿನಲ್ಲಿ ವ್ಯತ್ಯಾಸವಿಲ್ಲ. ಕತೆ ಅಲ್ಲಿಗೆ ಮುಗಿಯಿತು.

ಸಾವನ್ನು ಎಣಿಸುವುದಕ್ಕೆ ಅನುವಾದ ಬೇಡ. ಉಸಿರಾಟದ ಕಷ್ಟಕ್ಕೆ ಬೇಕು. ಇಂಥ ಟ್ರಯಲ್‌ಗಳಲ್ಲಿ ‘ತುಂಬಾ’ ಮತ್ತು ನಡುವಿನ ಮೆಟ್ಟಿಲು, ಈ ಎರಡನ್ನು ಹೇಳಿದವರನ್ನೇ ಗುಣ ಕಂಡವರು ಅಂತ ಲೆಕ್ಕಕ್ಕೆ ಹಿಡಿಯುತ್ತಾರೆ. ‘ಸ್ವಲ್ಪ’ ಹೇಳಿದವರು ಹೊರಗೆ. ನಿಮ್ಮತ್ತೆಯ ‘ಪರವಾಗಿಲ್ಲ’ ಸ್ವಲ್ಪಕ್ಕೆ ಬೀಳುತ್ತದೋ ನಡುವಿಗೆ ಬೀಳುತ್ತದೋ ಅನ್ನುವುದರ ಮೇಲೆ ಅವರು ಒಳಗೋ ಹೊರಗೋ ತೀರ್ಮಾನವಾಗುತ್ತದೆ.

ನನ್ನ ಅನುಭವದಲ್ಲಿ ‘ಪರವಾಗಿಲ್ಲ’ ಅಂದವರಲ್ಲಿ ಕೆಲವರಿಗೆ ನಿಜವಾಗಿ ಕಡಿಮೆಯಾಗಿರುತ್ತದೆ. ಕೆಲವರಿಗೆ ಡಾಕ್ಟರ ಮನಸ್ಸು ನೋಯಿಸುವುದು ಬೇಡ ಅಂತಿರುತ್ತದೆ. ಲ್ಯಾಟಿನ್‌ನವರು ಕೇಳಿಸಿಕೊಳ್ಳಿ, ‘ಮೆಚ್ಚಿಸುವೆನು’ ಅನ್ನುವುದು ಇಲ್ಲಿ ರೋಗಿಯ ಮಾತು.

* * *

ಮರು: ಪರವಾಗಿಲ್ಲ

ತಕ್ಕಮಟ್ಟಿಗೆ.

‘ಉಸಿರಾಟದ ಕಷ್ಟ ತಕ್ಕಮಟ್ಟಿಗೆ ಕಡಿಮೆಯಾಗಿದೆ.’ ಮಧ್ಯಮವೂ ಬೇಡ, ಸುಮಾರೂ ಬೇಡ. ಸುಧಾರಣೆಯ ಮಾತೂ ಬೇಡ, ಕಷ್ಟ ಕಡಿಮೆಯಾಯಿತೋ ಹೆಚ್ಚಾಯಿತೋ ಎಂದು ಕೇಳಿ.

ಮದ್ದೊರೆಯನ್ನು ನಾನು ಬಿಟ್ಟಿಲ್ಲ.

* * *

ಮರು: ತಕ್ಕಮಟ್ಟಿಗೆ

ಗುಂಡಿಗೆಯವರೇ, ಕೈ ಮುಗಿದೆ. ಇದೇ ಬೇಕಿತ್ತು. ಅತ್ತೆಗೆ ಹೊಸ ಪಟ್ಟಿ ಓದಿದೆ, ‘ಹಾಂ, ತಕ್ಕಮಟ್ಟಿಗೆ’ ಅಂದು ಅಡುಗೆಮನೆಗೆ ಹೋದರು.

ಒಪ್ಪಿಗೆ ಪತ್ರಕ್ಕೆ ಹಾಕಿದ್ದು ಇಷ್ಟು: ‘ನಿಮ್ಮ ಹೃದಯಕ್ಕೆ ರಕ್ತವನ್ನು ಸರಿಯಾಗಿ ಮುಂದಕ್ಕೆ ತಳ್ಳಲು ಆಗುತ್ತಿಲ್ಲ. ಅದರಿಂದ ಶ್ವಾಸಕೋಶದಲ್ಲಿ ನೀರು ಸೇರಿ, ಉಸಿರಾಟದ ಕಷ್ಟ ಏಕಾಏಕಿ ಹೆಚ್ಚಾಗಿದೆ. ವೈದ್ಯರು ಇದನ್ನು ಅಕ್ಯೂಟ್ ಹಾರ್ಟ್ ಫೇಲ್ಯೂರ್ ಎನ್ನುತ್ತಾರೆ. ಹೃದಯ ನಿಂತುಹೋಗಿದೆ ಎಂದು ಇದರ ಅರ್ಥವಲ್ಲ.’ ಮುಂದೆಲ್ಲ ‘ಈ ಕಾಯಿಲೆ’ ಅಂತಲೇ ಬರೆದಿದ್ದೇನೆ. ‘ತೀವ್ರ’ವನ್ನು ಸಿವಿಯರ್‌ಗೆ ಮಾತ್ರ ಬಿಟ್ಟುಕೊಟ್ಟೆ. ಪ್ಲಸೀಬೊ ‘ಔಷಧವಿಲ್ಲದ ದ್ರಾವಣ’ ಆಗಿದೆ. ಅದರ ಹಿಂದೆಯೇ ‘ನೀವು ಯಾವ ಗುಂಪಿನಲ್ಲಿದ್ದರೂ ಎಂದಿನ ಚಿಕಿತ್ಸೆ ನಿಲ್ಲುವುದಿಲ್ಲ’ ಅಂತ ಒಂದು ಸಾಲು.

ಟ್ರಯಲ್ ಟ್ರಯಲ್ ಆಗಿಯೇ ಉಳಿದಿದೆ. ‘ಪ್ರಯೋಗ’ ಅಂದರೆ ‘ನಮ್ಮ ಮೇಲೇನಾ?’ ಅನ್ನುತ್ತಾರೆ, ‘ಪರೀಕ್ಷೆ’ ಅಂದರೆ ರಕ್ತ ಕೊಡಲು ತೋಳು ಚಾಚುತ್ತಾರೆ. ಕಳಿಸಲು ಇನ್ನೂ ಎರಡು ಗಂಟೆ ಇದೆ, ಒಳ್ಳೆಯದು ಹೊಳೆದರೆ ಬರೆಯಿರಿ. ಮದ್ದೊರೆ ಬೇಡ.