ಗೇಣುದ್ದದ ದಾರಗಳಲ್ಲಿ ಕಸೂತಿಯ ಗೋಪುರ ಮುಗಿಯುತ್ತಿಲ್ಲ, ಏನು ಮಾಡಲಿ?

ಸೂಜಿಮಲ್ಲಿಗೆ, ಪುತ್ತೂರು:
ಉಳಿಕೆ ದಾರಗಳನ್ನು ಹತ್ತು ವರ್ಷಗಳಿಂದ ಬಿಸ್ಕತ್ತಿನ ತಗಡಿನ ಡಬ್ಬಿಯಲ್ಲಿ ಕೂಡಿಡುತ್ತಾ ಬಂದಿದ್ದೇನೆ. ಮುಚ್ಚಳ ತೆಗೆದರೆ ಗುಬ್ಬಿಗೂಡು. ಒಂದೂ ಪೂರ್ತಿ ಲಡಿಯಿಲ್ಲ. ಹೆಚ್ಚಿನವು ಗೇಣುದ್ದ, ಅಪರೂಪಕ್ಕೊಂದು ಮೊಳದಷ್ಟು. ಅಣ್ಣನ ಮಗಳು ಹೊಲಿಗೆ ಕಲಿಯುತ್ತಿದ್ದಾಳೆ. ಅವಳಿಗೆ ಸೂಜಿ ಚುಚ್ಚಿಡಲು ಪುಸ್ತಕದಂತೆ ಮಡಚುವ ಪುಟ್ಟ ಹೊದಿಕೆಯೊಂದನ್ನು ಮಾಡಿಕೊಡೋಣವೆಂದು ಎಳೆ ಎಣಿಸಿ ಹೊಲಿಯಲು ಬರುವ ಕಪ್ಪು ಮ್ಯಾಟಿ ಬಟ್ಟೆ ಕತ್ತರಿಸಿಕೊಂಡೆ. ಬಿಡಿಸಿದರೆ 8 ಇಂಚು ಅಗಲ, 4 ಇಂಚು ಎತ್ತರ.

ಮುಖಪುಟಕ್ಕೆ ಕಸೂತಿಯ ಗೋಪುರ. ಗವಂತಿ ಹೊಲಿಗೆಯಲ್ಲಿ ಒಂದು ಮನೆ (ಬಟ್ಟೆಯ ನೇಯ್ಗೆಯ ಚೌಕ) ಬಿಟ್ಟು ಒಂದಕ್ಕೆ ಹೊಲಿಯುತ್ತಾ ಕಳಶದವರೆಗೆ ಏರಿ, ಬಿಟ್ಟ ಮನೆಗಳನ್ನು ತುಂಬುತ್ತಾ ಇಳಿಯುವಾಗ ಅರ್ಧದಲ್ಲೇ ಅರಿಶಿನ ಬಣ್ಣದ ದಾರ ಮುಗಿಯಿತು. ಬೇರೊಂದು ಹಳದಿ ಸೇರಿಸಿದೆ. ಒಂದೇ ಗೋಡೆಗೆ ಎರಡು ಸಲ ಸುಣ್ಣ ಬಳಿದಂತೆ ಕಂಡಿತು. ಬಿಚ್ಚಿದೆ. ಮೂರು ಸಂಜೆ ಇದೇ ಕಥೆ. ತುಂಡು ಎಷ್ಟು ದೂರ ಬರುತ್ತದೆ ಎಂದು ಮೊದಲೇ ತಿಳಿಯುವುದು ಹೇಗೆ?

ಇನ್ನೊಂದು: ನನ್ನ ಹಳೆಯದರಲ್ಲಿ ಸ್ಪಂಜಿನ ಹಾಳೆಯಿತ್ತು. ಒಂದು ಮಳೆಗಾಲ ಕಳೆಯುವಷ್ಟರಲ್ಲಿ ಸೂಜಿಗಳೆಲ್ಲ ತುಕ್ಕು. ಒಳಪುಟಕ್ಕೆ ಏನು ಹಾಕಲಿ?

ಇಳಕಲ್ ಸೆರಗು, ಧಾರವಾಡ:
ತಂಗಿ, ಗವಂತಿಯಲ್ಲಿ ಗೆರೆಯ ಎರಡು ಪಟ್ಟು ದಾರ ಬೇಕು, ಹೋಗಲು ಒಂದು, ಬರಲು ಒಂದು. ಗೇಣು ಎಂದರೆ ಸುಮಾರು 9 ಇಂಚು. ತುದಿ ಅಡಗಿಸಲು ಎರಡೂವರೆ ಇಂಚು ಕಳೆಯಿರಿ. ಉಳಿದದ್ದರಲ್ಲಿ ಅರ್ಧ, ಅಂದರೆ ಸುಮಾರು ಮೂರು ಇಂಚಿನ ಗೆರೆ. ಮೆಟ್ಟಿಲಿನಂತೆ ಅಂಕುಡೊಂಕಾಗಿ ಸಾಗುವ ಮುರ್ಗಿ ಹೊಲಿಗೆಗೂ ಇದೇ ಲೆಕ್ಕ. ನೇಯ್ದಂತೆ ಕಾಣುವ ನೇಗಿಯಲ್ಲಿ ಮರಳುವ ಗೋಜಿಲ್ಲ, ಮಿತವಾಗಿ ಸಾಗುತ್ತದೆ. ಗುಣಿಸು ಚಿಹ್ನೆಯಂತೆ ಅಡ್ಡಡ್ಡ ಹಾಕುವ ಮೆಂತಿ ಮಾತ್ರ ದಾರ ನುಂಗುತ್ತದೆ, ಅದನ್ನು ಈ ಡಬ್ಬಿಯ ಹತ್ತಿರ ತರಬೇಡಿ.

ಕಸೂತಿ ದಾರದ ಆರೂ ಎಳೆಗಳನ್ನು ಒಟ್ಟಿಗೆ ಪೋಣಿಸುತ್ತಿದ್ದೀರಾ? ಎರಡೆರಡಾಗಿ ಬಿಡಿಸಿದರೆ ಒಂದು ಗೇಣು ಮೂರು ಗೇಣಾಗುತ್ತದೆ.

ಗೋಪುರವನ್ನು ಒಂದೇ ಉಸಿರಿನಲ್ಲಿ ಏರುವ ಹಠ ಬಿಡಿ. ಒಂದೊಂದು ಅಂತಸ್ತನ್ನೂ ಬೇರೆ ಚೌಕವಾಗಿ ಹಾಕಿ, ಒಂದೊಂದಕ್ಕೆ ಒಂದೊಂದು ಬಣ್ಣ. ಹೊರಟಲ್ಲಿಗೇ ಮರಳಿದರೆ ಆ ತುಂಡಿನ ಕೆಲಸ ಮುಗಿಯಿತು. ಅಂತಸ್ತುಗಳ ನಡುವೆ ಒಂದು ಮನೆ ಖಾಲಿ ಬಿಡಿ, ಇಲ್ಲದಿದ್ದರೆ ನಡುವಿನ ಗೆರೆ ಯಾರದೆಂದು ಜಗಳ. ಕಪ್ಪು ಚಂದ್ರಕಾಳಿ ಸೀರೆಯ ಮೇಲೆ ಬಿಳಿ, ಕೆಂಪು, ಹಸಿರು ಪಕ್ಕಪಕ್ಕದಲ್ಲೇ ಕೂತಿರುತ್ತವೆ, ಯಾರೂ ತಪ್ಪೆನ್ನುವುದಿಲ್ಲ. ಗಂಟು ಮಾತ್ರ ಬೇಡ. ಅಸ್ತರಿನ ಒಳಗೆ ಯಾರಿಗೆ ಕಾಣುತ್ತದೆ ಎನ್ನಬಹುದು. ನನ್ನ ತಾಯಿ ಯಾವ ಕಸೂತಿ ಕೊಟ್ಟರೂ ಮೊದಲು ಹಿಂಬದಿ ತಿರುಗಿಸಿ ನೋಡುತ್ತಿದ್ದರು.

ಕತ್ತರಿ ಮಾಸ್ತರ, ಕುಂದಾಪುರ:
ಮೂವತ್ತು ವರ್ಷ ಹೊಲಿಗೆ ಯಂತ್ರದ ಮುಂದೆ ಕೂತವನು, ತುಕ್ಕಿನ ಬಗ್ಗೆ ಮಾತ್ರ ಹೇಳುತ್ತೇನೆ. ಸ್ಪಂಜು ಬೇಡವೇ ಬೇಡ. ಹತ್ತಿ ಬಟ್ಟೆ ನಮ್ಮ ಕರಾವಳಿಯ ತೇವವನ್ನು ಹೀರಿ ಸೂಜಿಗೆ ದಾಟಿಸುತ್ತದೆ. ಉಣ್ಣೆ ಹಾಕಿ; ಕುರಿಯ ಉಣ್ಣೆಯಲ್ಲಿ ಸಹಜವಾದ ಜಿಡ್ಡಿದೆ, ಅದೇ ಸೂಜಿಯನ್ನು ಕಾಯುತ್ತದೆ. ನಾನು ಬಳಸುವುದು ಚಳ್ಳಕೆರೆ ಕಡೆಯ ಹಳೆಯ ಕಂಬಳಿಯ ತುಂಡು. ಹೊಸದಾದರೆ ಹುಣಸೆ ಬೀಜದ ಗಂಜಿಯಿಂದ ಬಿರುಸಾಗಿರುತ್ತದೆ, ಸೂಜಿ ಸಲೀಸಾಗಿ ಇಳಿಯದು. ಹೊದ್ದು ಹೊದ್ದು ಮೆತ್ತಗಾದದ್ದನ್ನು ಹುಡುಕಿ. ಬೆವರಿದ ಕೈಯಲ್ಲಿ ಹಿಡಿದ ಸೂಜಿಯನ್ನು ಒರೆಸದೆ ಚುಚ್ಚಿಟ್ಟರೆ ಕಂಬಳಿಯೂ ಕಾಪಾಡುವುದಿಲ್ಲ.

ನೀಲಿಬಣ್ಣ, ಬೆಂಗಳೂರು:
ಕೆಂಪು, ಕಡುನೀಲಿ ದಾರಗಳನ್ನು ಮೊದಲು ಒದ್ದೆ ಮಾಡಿದ ಬಿಳಿ ಬಟ್ಟೆಯಲ್ಲಿ ಮಡಚಿ ಇಸ್ತ್ರಿ ಒತ್ತಿ. ಬಟ್ಟೆಗೆ ಬಣ್ಣ ಹತ್ತಿದರೆ ಆ ತುಂಡನ್ನು ಬಿಟ್ಟುಬಿಡಿ. ಬಿಳಿ ದಾರದ ಪಕ್ಕದಲ್ಲಂತೂ ಇಡಲೇಬೇಡಿ.

ಸೂಜಿಮಲ್ಲಿಗೆ, ಪುತ್ತೂರು:
ಅಕ್ಕ, ಹೌದು, ಆರೂ ಎಳೆ ಪೋಣಿಸುತ್ತಿದ್ದೆ! ಹೇಳಲು ನಾಚಿಕೆ. ನಿನ್ನೆ ರಾತ್ರಿ ಕೆಳಗಿನ ಅಂತಸ್ತು ಹಸಿರು, ಮೇಲಿನದು ಬಿಳಿ, ಅದರ ಮೇಲಿನದು ಕಿತ್ತಳೆ ಎಂದು ಏರಿಸಿದೆ. ಕೆಂಪು ಇಸ್ತ್ರಿ ಪರೀಕ್ಷೆಯಲ್ಲಿ ಸೋತಿತು, ಅದನ್ನು ಕೈಬಿಟ್ಟೆ. ಮಾಸ್ತರರೇ, ಮಾವನ ಹಳೆಯ ಕಂಬಳಿಯ ಮೂಲೆಗೆ ಕತ್ತರಿ ಹಾಕಲು ಅನುಮತಿ ಸಿಕ್ಕಿದೆ, ಅಂಗೈಯಗಲ ಮಾತ್ರ. ಬಿಚ್ಚಿಟ್ಟಿದ್ದ ಹಳದಿಯಿಂದಲೇ ಕಳಶ ಹಾಕಿದೆ. ಎರಡು ಬೆರಳಿನಷ್ಟು ಉಳಿಯಿತು. ಮತ್ತೆ ಡಬ್ಬಿಗೇ ಹಾಕಿದೆ.